ಶಿಕಲಗಾರ ಖಾಲಾ ಓದಿದ ಬಿಲ್ಲೆ

ಮೊನ್ನೆ ಮೈದುನನ ಸೊಸೆ ಹಿತ್ತಲಲ್ಲಿ ಕೂತು ಹಳೆಯ ರೊಟ್ಟಿ ಹಂಚನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ಮಳೆಗಾಲವೆಲ್ಲ ಮೂಲೆಯಲ್ಲಿ ಬಿದ್ದು ತುಕ್ಕು ಹಿಡಿದಿದ್ದ ಹಂಚು. ಹುಳಿನೀರು ಕಬ್ಬಿಣಕ್ಕೆ ತಾಗಿದಾಗ ಒಂದು ವಾಸನೆ ಏಳುತ್ತದೆ, ನಾಲಿಗೆಯ ತುದಿಯ ಮೇಲೆ ದುಡ್ಡು ಇಟ್ಟುಕೊಂಡ ಹಾಗೆ... ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ನಾನು ಮೊರ ಕೆಳಗಿಟ್ಟು ಎದ್ದು ಹೋದೆ. "ಸಾಕು ಬಿಡಬೇ, ಅಷ್ಟು ತಿಕ್ಕಬ್ಯಾಡ" ಅಂದೆ. ಅವಳು ನನ್ನ ಮುಖ ನೋಡಿದಳು. ತಿಕ್ಕದಿದ್ದರೆ ಬೈಯುವ ಮುದುಕಿ ಇವತ್ತು ತಿಕ್ಕಿದ್ದಕ್ಕೆ ಬೈಯುತ್ತಿದೆಯಲ್ಲ ಎಂದು ಅನ್ನಿಸಿರಬೇಕು. ನಿಂತ ಕಾಲ ಮೇಲೆ ಹೇಳಿ ತಿಳಿಸುವ ಸಂಗತಿಯಲ್ಲ ಅದು. ಒಳಗೆ ಬಂದು ಈ ನೋಟುಬುಕ್ಕು ತೆಗೆದು ಕೂತೆ.

ಆ ವಾಸನೆ ಬಂದಾಗಲೆಲ್ಲ ನನಗೆ ಒಬ್ಬರ ನೆನಪಾಗುತ್ತದೆ. ಅಫಜಲಪುರದ ಅಗಸಿ ಬಾಗಿಲ ಹೊರಗೆ, ಬೇವಿನ ಗಿಡದ ಬುಡದಲ್ಲಿ, ಸಂತೆಯ ದಿನ ಸಾಣೆಯ ಚಕ್ರ ಹೂಡಿಕೊಂಡು ಕೂಡುತ್ತಿದ್ದ ಹೆಂಗಸು. ಶಿಕಲಗಾರರ ಮನೆತನ ಅವರದು. ಹಿಂದೆ ಸರದಾರರ ಕತ್ತಿಗಳಿಗೆ ಸಾಣೆ ಹಿಡಿದು ಹೊಳಪು ಕೊಡುತ್ತಿದ್ದವರಂತೆ, ನಮ್ಮ ಕಾಲಕ್ಕೆ ಕುಡಗೋಲು, ಕೊಡಲಿ, ಈಳಿಗೆಗೆ ಬಂದು ನಿಂತಿದ್ದರು. ಗಂಡ ಬದುಕಿದ್ದಾಗ ಅವನು ಕತ್ತಿ ಹಿಡಿಯುತ್ತಿದ್ದ, ಇವರು ಚಕ್ರದ ಪಟ್ಟಾ ಎಳೆಯುತ್ತಿದ್ದರು. ಅವನು ತೀರಿಕೊಂಡ ಮೇಲೆ ಇವರೇ ಕತ್ತಿ ಹಿಡಿದರು, ಪಟ್ಟಾ ಎಳೆಯಲು ಸೊಸೆ ಕೂತಳು. ಹೆಣ್ಣು ಹೆಂಗಸು ಸಾಣೆ ಹಿಡಿಯುವುದೇ ಎಂದು ಊರು ಎರಡು ದಿನ ಮಾತಾಡಿತು. ಮೂರನೆಯ ದಿನ ಕುಡಗೋಲು ಮೊಂಡಾದವು, ಮಾತು ನಿಂತಿತು.

ಊರೆಲ್ಲ ಅವರನ್ನು ಖಾಲಾ ಎನ್ನುತ್ತಿತ್ತು, ಮುಸಲ್ಮಾನರಾದ ಅವರ ಮಾತಿನಲ್ಲಿ ಚಿಕ್ಕಮ್ಮ ಎಂದರ್ಥ. ಬಿಳಿ ಕೂದಲು, ಕಪ್ಪು ಮೈ, ಮೊಣಕೈವರೆಗೆ ಸಾಣೆಯ ಬೂದು ಧೂಳು. ಬಲಗೈ ಹೆಬ್ಬೆರಳಿನ ಉಗುರನ್ನು ಮಾತ್ರ ಅವರು ಕತ್ತರಿಸುತ್ತಿರಲಿಲ್ಲ. ದಪ್ಪಗೆ, ಹಳದಿಯಾಗಿ, ಕೊಂಬಿನ ಚೂರಿನಂತಿದ್ದ ಆ ಉಗುರನ್ನು ಕತ್ತಿಯ ಬಾಯಿಯ ಮೇಲೆ ಎಳೆದು ಅದು ಎಲ್ಲಿ ಸವೆದಿದೆ, ಎಲ್ಲಿ ಕಲ್ಲಿಗೆ ತಾಗಿದೆ ಎಂದು ಹೇಳುತ್ತಿದ್ದರು.

ಮೊದಮೊದಲು ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಕಾರಣವಿತ್ತು. ನಾನು ಎಡಚಿ. ಅತ್ತೆಯ ಮನೆಯಲ್ಲಿ ಅದನ್ನು ಮುಚ್ಚಿಟ್ಟಿದ್ದೆ, ಎಡಗೈಯಲ್ಲಿ ಕೆಲಸ ಮಾಡುವ ಸೊಸೆಯನ್ನು ಯಾವ ಅತ್ತೆ ಒಪ್ಪುತ್ತಾಳೆ? ಎದುರಿಗೆ ಬಲಗೈ, ಹೊಲದಲ್ಲಿ ಎಡಗೈ. ಒಂದು ಸಂತೆಯ ದಿನ ಅತ್ತೆಯ ಜೊತೆ ಕುಡಗೋಲು ಸಾಣೆಗೆ ಒಯ್ದಾಗ ಖಾಲಾ ಅದನ್ನು ತಿರುಗಿಸಿ ನೋಡಿ, "ಅವ್ವಾ, ನಿಮ್ಮ ಮನಿಯಾಗ ಎಡಚಿ ಒಬ್ಬಾಕಿ ಅದಾಳಲ್ರಿ" ಅಂದರು, ಹವಾಮಾನದ ಮಾತಾಡಿದ ಹಾಗೆ. ಅವತ್ತು ಮನೆಗೆ ಬಂದ ಮೇಲೆ ನನಗೆ ಸಿಕ್ಕ ಮಂಗಳಾರತಿ ಇಲ್ಲಿ ಬರೆಯುವುದಿಲ್ಲ. ಆದರೆ ಬೈಸಿಕೊಳ್ಳುತ್ತಲೇ ನಾನು ಆ ಕುಡಗೋಲಿನ ಹಿಡಿಕೆಯನ್ನು ನೋಡುತ್ತಿದ್ದೆ. ಎಲ್ಲಿ ಬರೆದಿತ್ತು ನನ್ನ ಎಡಗೈ? ನನಗೆ ಕಾಣಲಿಲ್ಲ.

ನನ್ನ ತವರು ಆಳಂದ ಕಡೆಯ ಜಿಡಗಾ. ಅಲ್ಲಿಯ ಮಠದಲ್ಲಿ ನಾಲ್ಕು ಅಕ್ಷರ ಕಲಿತೆ, ಅದರ ಪುಣ್ಯದಿಂದ ಇವತ್ತು ಬರೆಯುತ್ತಿದ್ದೇನೆ. ಹದಿನಾಲ್ಕಕ್ಕೆ ಅಫಜಲಪುರಕ್ಕೆ ಕೊಟ್ಟರು. ಗಂಡ ಮನೆಯ ಹಿರಿಯ ಮಗ. ಮಾತು ಕಡಿಮೆ, ಕೈ ಸುಮ್ಮನಿರುತ್ತಿರಲಿಲ್ಲ. ಏನು ಸಿಕ್ಕರೂ ಹೆಬ್ಬೆರಳಿನಿಂದ ಉಜ್ಜುತ್ತ ಕೂಡುವ ಚಾಳಿ, ಎತ್ತಿನ ಗೆಜ್ಜೆ, ಹುಣಸೆ ಬೀಜ, ನನ್ನ ಬಳೆ... ಮಾವನ ಜೊತೆ ಏನೋ ಮಾತಿಗೆ ಮಾತು ಬೆಳೆದು ಸೊಲ್ಲಾಪುರಕ್ಕೆ ಗಿರಣಿ ಕೆಲಸಕ್ಕೆಂದು ಹೋದರು. ಅಲ್ಲಿಂದ, ಅಪ್ಪನಿಗೆ ಪತ್ತೆಯಾಗಬಾರದೆಂದು ಬೇರೆ ಹೆಸರು ಹೇಳಿ, ಇಂಗ್ರೇಜರ ಸೈನ್ಯ ಸೇರಿ ಬರ್ಮಾಕ್ಕೆ ಹೋದರು. ಎರಡು ಕಾರ್ಡು ಬಂದವು, ಆ ಬೇರೆ ಹೆಸರು ಅವುಗಳಲ್ಲೂ ಇರಲಿಲ್ಲ. ಆಮೇಲೆ ಯುದ್ಧ ಮುಗಿಯಿತು. ಸುತ್ತಲ ಊರುಗಳಿಗೆ ಹೋದವರು ಬಂದರು. ನಮ್ಮ ಮನೆಗೆ ಮನುಷ್ಯನೂ ಬರಲಿಲ್ಲ, ಕಾಗದವೂ ಬರಲಿಲ್ಲ. ಇಲ್ಲದ ಹೆಸರಿನವನ ಸುದ್ದಿಯನ್ನು ಸರಕಾರವಾದರೂ ಯಾರ ಮನೆಗೆ ಕಳಿಸಬೇಕು?

ಹಿಂದೂಸ್ಥಾನಕ್ಕೆ ಸ್ವಾತಂತ್ರ್ಯ ಬಂದು ಒಂದು ತಿಂಗಳಾಗಿತ್ತು. ನಮ್ಮದು ನಿಜಾಮರ ಸೀಮೆ, ನಮಗೆ ಬಂದಿರಲಿಲ್ಲ. ನಾವು ಎಲ್ಲಿ ಸೇರುತ್ತೇವೆ ಎಂಬುದು ಯಾರಿಗೂ ಗೊತ್ತಿರಲಿಲ್ಲ, ಊರೆಲ್ಲ ಪಿಸುಮಾತು. ಅಂಥದರಲ್ಲಿ ಒಂದು ದಿನ ಜೇವರ್ಗಿ ಕಡೆಯ ಒಬ್ಬ ಸಿಪಾಯಿ ಮನೆ ಹುಡುಕಿಕೊಂಡು ಬಂದ. ತಪ್ಪು ಹೆಸರು ಹಿಡಿದು ಒಂದು ವರ್ಷ ಹುಡುಕಿದೆ ಎಂದ. ಬರ್ಮಾದಲ್ಲಿ ಜಪಾನಿನವರು ಸೋತು ಶರಣಾದಾಗ ಅವರ ಸರದಾರರು ಕತ್ತಿಗಳನ್ನು ಸಾಲಾಗಿ ಇಟ್ಟರಂತೆ. ಲಾರಿಗೆ ಹೇರುವ ಕೆಲಸ ನನ್ನ ಗಂಡನದು. ಒಂದು ಕತ್ತಿಯ ಹಿಡಿಕೆ ಮುರಿದು ಒಂದು ಕಬ್ಬಿಣದ ಬಿಲ್ಲೆ ಕೆಳಗೆ ಬಿತ್ತಂತೆ. ಕತ್ತಿ ಯುದ್ಧಕ್ಕೆಂದು ಮಾಡಿದ ಹೊಸದು, ಬಿಲ್ಲೆ ಮಾತ್ರ ತನ್ನ ಮುತ್ತಜ್ಜನ ಕಾಲದ್ದು ಎಂದು ಆ ಜಪಾನಿ ಸರದಾರ ದುಭಾಷಿಯ ಬಾಯಲ್ಲಿ ಹೇಳಿ ಅತ್ತನಂತೆ. ಕತ್ತಿ ಲಾರಿಗೆ ಹೋಯಿತು, ಬಿಲ್ಲೆ ನನ್ನ ಗಂಡನ ಕಿಸೆಯಲ್ಲಿ ಉಳಿಯಿತು. ತಿಂಗಳುಗಟ್ಟಲೆ ಅದನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂಡುತ್ತಿದ್ದರಂತೆ. ಆಮೇಲೆ ಜ್ವರ... ಹಡಗು ಹತ್ತುವ ಮೊದಲೇ. ಮನೆಗೆ ಮುಟ್ಟಿಸು ಎಂದು ಕೊಟ್ಟರಂತೆ.

ಅಂಗೈ ಅಗಲದ ದುಂಡನೆಯ ಬಿಲ್ಲೆ. ಕಪ್ಪಗಿತ್ತು, ಜಿಡ್ಡು ಜಿಡ್ಡಾಗಿತ್ತು. ನಡುವೆ ಉದ್ದನೆಯ ಒಂದು ತೂತು, ಅದರ ಎರಡೂ ಬದಿಗೆ ಒಂದೊಂದು ಸಣ್ಣ ತೂತು, ಸುತ್ತಲೂ ಬಾಗಿದ ತೆನೆಗಳಂತೆ ಕೊರೆದ ಕೆಲಸ. ಸಿಪಾಯಿ ಒಂದು ಹೊತ್ತು ಉಂಡ, ಮಾವ ಕೊಟ್ಟ ಧೋತರ ತೆಗೆದುಕೊಂಡ, ಹೋದ.

ಅವನು ಅಗಸಿ ದಾಟುವ ಮೊದಲೇ ಮೈದುನ ಶುರು ಮಾಡಿದ. ಮಕ್ಕಳನ್ನು ಕಳೆದುಕೊಂಡವರ ಮನೆ ಹುಡುಕಿ ಕತೆ ಹೇಳಿ ಉಂಡು ಹೋಗುವ ಠಕ್ಕರು ಬಹಳ ಇದ್ದಾರೆ, ಇಂಥ ಬಿಲ್ಲೆಯನ್ನು ಸೊಲ್ಲಾಪುರದಲ್ಲಿ ಎರಕ ಹೊಯ್ಯುವವರು ಗಳಿಗೆಯಲ್ಲಿ ಮಾಡಿಕೊಡುತ್ತಾರೆ ಎಂದ. ಅತ್ತೆ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಾನೂ ಹಿಡಿದುಕೊಂಡೆ. ಬಿಲ್ಲೆ ಸುಳ್ಳಾದರೆ ಸಿಪಾಯಿ ಸುಳ್ಳು, ಸಿಪಾಯಿ ಸುಳ್ಳಾದರೆ ಜ್ವರ ಸುಳ್ಳು. ನನ್ನ ಕೈಯ ಬಳೆ ಕೈಯಲ್ಲೇ ಇರುತ್ತದೆ. ಬಿಲ್ಲೆ ನಿಜವಾದರೆ ಹತ್ತೊಂಬತ್ತರ ವಯಸ್ಸಿಗೆ ನಾನು ವಿಧವೆ. ಮಾವ ಎರಡೂ ಕಡೆ ತಲೆ ಆಡಿಸಲಿಲ್ಲ. "ಬಿಲ್ಲಿ ಖರೇ ಇದ್ರ ಮಾತೂ ಖರೇ. ಬಲ್ಲವರಿಗೆ ತೋರಸೂಣು" ಎಂದರು, ಅಲ್ಲಿಯವರೆಗೆ ಸುದ್ದಿ ಹೊಸ್ತಿಲು ದಾಟಬಾರದು ಎಂದರು.

ಅಷ್ಟರಲ್ಲಿ ಮಹಾನವಮಿ ಬಂತು. ಅವತ್ತು ನಮ್ಮ ಕಡೆ ಮನೆಯ ಕಬ್ಬಿಣಕ್ಕೆಲ್ಲ ಪೂಜೆ. ಕುಡಗೋಲು, ಕೊಡಲಿ, ಕುಂಟೆಯ ಕುಡ, ಒಂದನ್ನೂ ಬಿಡದೆ ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ತಿಕ್ಕಿ ತೊಳೆದು ವಿಭೂತಿ ಹಚ್ಚಿ ಜಗುಲಿಯ ಮೇಲೆ ಇಡಬೇಕು. ನಾನು ಬಿಲ್ಲೆಯನ್ನೂ ತೆಗೆದುಕೊಂಡೆ. ಅದು ನನ್ನ ಗಂಡನದೇ ಆಗಿದ್ದರೆ ಮನೆಯ ಕಬ್ಬಿಣದ ಜೊತೆ ಪೂಜೆಗೊಳ್ಳಲಿ, ಆಗಿರದಿದ್ದರೆ ತೊಳೆದದ್ದಕ್ಕೆ ಪಾಪವಿಲ್ಲ. ಒಂದು ಮಧ್ಯಾಹ್ನವೆಲ್ಲ ತಿಕ್ಕಿದೆ. ಕಪ್ಪು ನೀರು ಹರಿದು ಹರಿದು ಹೋಯಿತು. ಕೊನೆಗೆ ಹೊಸ ಪಾತ್ರೆಯ ಹಾಗೆ ಬೆಳ್ಳಗೆ ಹೊಳೆಯಿತು. ಅತ್ತೆ ನೋಡಿ "ಚಂದ ಆತು" ಅಂದರು. ಮದುವೆಯಾಗಿ ಐದು ವರ್ಷಕ್ಕೆ ಅವರ ಬಾಯಿಂದ ಬಂದ ಮೊದಲ ಹೊಗಳಿಕೆ ಅದು, ನಾನು ಉಬ್ಬಿಹೋದೆ.

ದೀಪಾವಳಿ ಮುಗಿದ ಮೇಲೆ ಮಾವ ಖಾಲಾಗೆ ಹೇಳಿಕಳಿಸಿದರು. ಬರುವ ಮೊದಲು ನಮ್ಮೆಲ್ಲರಿಗೂ ತಾಕೀತು ಮಾಡಿದರು. ಅವರಿಗೆ ಯಾರೂ ಏನೂ ಹೇಳಕೂಡದು, ಸಿಪಾಯಿಯ ಸುದ್ದಿ ಎತ್ತಕೂಡದು. ಹೆಂಗರುಳು, ಗೊತ್ತಾದರೆ ಕರುಣೆಯಿಂದ ಸುಳ್ಳು ಹೇಳಿಯಾಳು ಎಂಬುದು ಅವರ ಲೆಕ್ಕ. ಖಾಲಾ ಬಂದು ಪಡಸಾಲೆಯಲ್ಲಿ ಕೂತರು. ಅತ್ತೆ ಗೋಡೆಗೆ ಒರಗಿದರು, ಮೈದುನ ಹೊಸ್ತಿಲ ಮೇಲೆ, ನಾನು ಕಂಬದ ಹಿಂದೆ. ಮಾವ ಬಿಲ್ಲೆಯನ್ನು ಅವರ ಮುಂದಿಟ್ಟು, "ಇದೇನದ, ಖರೇದೋ ಖೋಟಾದೋ, ನೋಡಿ ಹೇಳು ಖಾಲಾ" ಅಂದರು.

ಅವರು ಎತ್ತಿಕೊಂಡವರೇ ಮೂಗಿನ ಹತ್ತಿರ ಹಿಡಿದರು. ಮುಖ ಗಂಟಾಯಿತು. "ಇದನ್ನ ಯಾರು ತೊಳದಾರ?"

ನಾನು ಕಂಬದ ಹಿಂದಿನಿಂದಲೇ "ನಾನ್ರಿ" ಅಂದೆ, ಹೊಗಳಿಸಿಕೊಳ್ಳುವ ದನಿಯಲ್ಲೇ.

"ಹುಣಸಿಹಣ್ಣು ಹಾಕೀಯಲ್ಲವಾ. ನೂರು ವರ್ಷದ ಬಣ್ಣಾ ಒಂದು ದಿನದಾಗ ತಗದೀದಿ."

ನನಗೆ ಸಿಟ್ಟೇ ಬಂತು. ಮಡಿಯಿಂದ ತೊಳೆದದ್ದೂ ತಪ್ಪೇ? ಆದರೆ ಅವರು ನನ್ನ ಕಡೆ ಆಮೇಲೆ ನೋಡಲೇ ಇಲ್ಲ. ಬಿಲ್ಲೆಯನ್ನು ಅಂಗೈ ಮೇಲೆ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಬೆಳಕಿಂಡಿಯಿಂದ ಬಿದ್ದ ಬಿಸಿಲು ಅವರ ಮೊಣಕಾಲಿನಿಂದ ನೆಲಕ್ಕೆ ಇಳಿಯುವಷ್ಟು ಹೊತ್ತು. ಆಮೇಲೆ ಸೆರಗಿನ ಒಂದು ಎಳೆ ಕಿತ್ತು ಬಿಲ್ಲೆಯ ತೂತಿಗೆ ಪೋಣಿಸಿ ಎತ್ತಿ ಹಿಡಿದು, ಬೆಳ್ಳಿಯ ಉಂಗುರದಿಂದ ಮೆಲ್ಲಗೆ ತಟ್ಟಿದರು. ಅದು ನುಡಿಯಿತು. ಬಾಗಿಲಿಗೆ ಭಿಕ್ಷೆಗೆ ಬರುವ ಅಯ್ಯನವರ ಗಂಟೆಯ ಹಾಗೆ, ನಿಂತಿತೆಂದುಕೊಂಡರೂ ನಿಲ್ಲದ ದನಿ. ಮೂಲೆಯಲ್ಲಿದ್ದ ಎರಕದ ತೂಕದ ಕಲ್ಲನ್ನು ಅದೇ ಉಂಗುರದಿಂದ ತಟ್ಟಿದರು. ಥಕ್ ಅಂದಿತು. "ಇದು ಬೀಡು, ಅಚ್ಚಿನಾಗ ಹೊಯ್ದದ್ದು. ಅದಕ್ಕ ದನಿ ಇಲ್ಲ. ಅದು ಸುತ್ತಿಗಿ ತಿಂದ ಕಬ್ಬಣ."

ಮೈದುನ ಏನೋ ಹೇಳಲು ಬಾಯಿ ತೆರೆದ. ಖಾಲಾ ಕೈ ಎತ್ತಿದರು, ಅವನು ಬಾಯಿ ಮುಚ್ಚಿದ. ಊರಿನಲ್ಲಿ ಅವನ ಬಾಯಿ ಮುಚ್ಚಿಸಿದವರನ್ನು ನಾನು ಅವತ್ತೇ ಕಂಡದ್ದು.

"ಬಾರವ್ವಾ ಇಲ್ಲಿ, ತೊಳದಾಕಿ" ಎಂದು ನನ್ನನ್ನು ಕರೆದರು. ಹೋಗಿ ಕೂತೆ. ನನ್ನ ಬೆರಳು ಹಿಡಿದು ತೆನೆಗಳ ನಡುವಿನ ಸಂದಿಯೊಳಗೆ ಇಳಿಸಿದರು. ಒಳಗೋಡೆ ನುಣ್ಣಗಿತ್ತು, ಆದರೆ ಆ ನುಣುಪಿನಲ್ಲಿ ಕೂದಲಷ್ಟು ಸಣ್ಣ ಗೆರೆಗಳು ಒಂದೇ ದಿಕ್ಕಿಗೆ ಓಡಿದ್ದವು. ಎರಕದ್ದಾದರೆ ಒಳಗೆ ಅಚ್ಚು ಕೂಡಿದ ಏಣು ಇರಬೇಕು, ಮರಳಿನ ತರಿ ಇರಬೇಕು, ಇಲ್ಲಿ ಅರದಿಂದ ಉಜ್ಜಿದ ಕೈ ಇದೆ ಎಂದರು. ನೋಡುವವರಿಗೆ ಕಾಣದ ಕಡೆಗೂ ಅಷ್ಟು ಉಜ್ಜಿದವನು ಮಾರಾಟಕ್ಕೆ ಮಾಡಿದವನಲ್ಲ ಎಂದರು. ಆಮೇಲೆ ನಡುವಿನ ತೂತಿನ ಸುತ್ತ ನನ್ನ ಉಗುರನ್ನು ಎಳೆದರು. ಒಂದು ಕಡೆ ಉಗುರು ಎಡವಿತು, ಕಣ್ಣಿಗೆ ಏನೂ ಕಾಣದು. ಅಲ್ಲಿ ಎರಡೂ ಮೈಗೆ ತೆಳ್ಳನೆಯ ತಗಡು ಒತ್ತಿಕೊಂಡು ಕೂತಿತ್ತು, ಅದರ ಕೆಳಗಿನ ಕಬ್ಬಿಣ ಗಾಳಿ ಕಂಡಿಲ್ಲ, ಮಿಕ್ಕದ್ದು ಕಂಡು ಸವೆದಿದೆ ಎಂದರು. ನಮ್ಮ ಸೀಮೆಯ ತಲವಾರಿಗೆ ಹಿಡಿಕೆ ಒಂದೇ ತುಂಡು, ಅರಗು ತುಂಬಿ ಕೂಡಿಸುತ್ತಾರೆ, ಇಂಥ ಬಿಲ್ಲೆ ಬರುವುದಿಲ್ಲ. ಇಂಥದ್ದನ್ನು ಜನ್ಮದಲ್ಲಿ ಕಂಡಿಲ್ಲ ಎಂದು ಅವರೇ ಹೇಳಿದರು. ಕಾಣದ ವಸ್ತುವನ್ನು ಕಂಡವರಿಗಿಂತ ಚೆನ್ನಾಗಿ ಓದುತ್ತಿದ್ದರು.

ಬದಿಯ ಸಣ್ಣ ತೂತಿನ ಒಂದೇ ಅಂಚು ಸವೆದಿತ್ತು. ಇದರೊಳಗಿಂದ ಒಂದು ಚಿಕ್ಕ ಚೂರಿಯನ್ನು ಸಾವಿರ ಸಲ ಎಳೆದಿದ್ದಾರೆ ಎಂದರು. ಕೊನೆಗೆ ಬಿಲ್ಲೆಯನ್ನು ಬಿಸಿಲಿಗೆ ಹಿಡಿದು, ನಡುವಿನ ತೂತಿನ ಮೇಲೆ ಕೆಳಗೆ ಬಡಿದು ಕೂಡಿಸಿದ ಎರಡು ತಾಮ್ರದ ಚೂರು ತೋರಿಸಿದರು. ನಾನು ಅಷ್ಟು ತಿಕ್ಕಿದವಳು, ಅವನ್ನು ಕಂಡೇ ಇರಲಿಲ್ಲ. ಅವರು ನಾಲಿಗೆಯ ತುದಿಯನ್ನು ಮೊದಲು ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ ತಾಗಿಸಿದರು. ಕಣ್ಣು ಮುಚ್ಚಿಕೊಂಡರು.

"ಇದು ಮೂರು ಕತ್ತಿ ಕಂಡಾದ ನೋಡವಾ. ಮೊದಲಿಂದು ಅಗಲ ಇತ್ತು. ಎರಡನೇದು ಸಣ್ಣದು, ಅದಕ್ಕ ಈ ತಾಮ್ರ ಹಾಕ್ಯಾರ, ಇದು ಹಳೇದು. ಈ ಕೆಳಗಿಂದು ಮಾತ್ರ ಹಸಿ ಅದ, ನಿನ್ನೆ ಮೊನ್ನಿಂದು. ಅಜ್ಜ ಮುತ್ತಜ್ಜರ ಬಿಲ್ಲಿ, ಹೊಸಾ ಕತ್ತಿಗಿ ಕೂಡಿಸ್ಯಾರ."

ಯಾವ ದೇಶವೋ ಏನೋ, ಆ ದೇಶದ ಹೆಸರು ಕೂಡ ಯಾರೂ ಹೇಳಿಕೊಡದ ಒಬ್ಬ ಹೆಂಗಸು ಬೇವಿನ ಬುಡದಿಂದ ಎದ್ದು ಬಂದು, ಕಡಲಾಚೆಯ ಒಂದು ಮನೆತನದ ಮೂರು ತಲೆಮಾರನ್ನು ನಾಲಿಗೆಯ ತುದಿಯಿಂದ ಎತ್ತಿಕೊಟ್ಟಿದ್ದರು. ಆ ತೆನೆ ನವಣೆಯೋ ಏನೋ, ಬಡಿದವನೂ ಹೊಲ ಕಂಡವನೇ ಎಂದು ನಕ್ಕರು. ನಾನೂ ನಕ್ಕೆ. ಆ ಹಸಿ ತಾಮ್ರದ ಮೇಲೆ ಬೆರಳಿಟ್ಟುಕೊಂಡು ಎಷ್ಟು ಸಂತೋಷದಿಂದ ಕೂತಿದ್ದೆ ಎಂದರೆ... ಅತ್ತೆಯ ಗಂಟಲಿನಿಂದ ಒಂದು ದನಿ ಬಂತು. ಸಿಪಾಯಿ ಹೇಳಿದ್ದ ಮಾತು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ, ಖಾಲಾ ಬಾಯಿಂದ ಬಂದಿತ್ತು. ಅತ್ತೆ ನೆಲಕ್ಕೆ ಕುಸಿದರು. ನಾನು ಇನ್ನೂ ನಗುತ್ತಲೇ ಇದ್ದೆ.

ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ಬರೆಯುತ್ತಿದ್ದೇನೆ. ಒಂದೊಂದು ಗುರುತು ನಿಜವಾದಂತೆ ನನ್ನ ಗಂಡ ಒಂದೊಂದು ಹೆಜ್ಜೆ ದೂರ ಹೋಗುತ್ತಿದ್ದರು, ನಾನು ಒಂದೊಂದು ಗುರುತಿಗೂ ಹಿಗ್ಗುತ್ತಿದ್ದೆ. ಅಷ್ಟು ಹೊತ್ತು ನನಗೆ ಅವರ ನೆನಪೇ ಇರಲಿಲ್ಲ. ಆ ವಿದ್ಯೆಯ ಮುಂದೆ ನನ್ನ ಬಳೆ ನನಗೆ ಮರೆತುಹೋಗಿತ್ತು.

ಮಾವ ಎದ್ದು ನಿಂತು, "ಅಯ್ಯನವರಿಗೆ ಹೇಳಿಕಳಸ್ರಿ, ಕ್ರಿಯಾಕರ್ಮ ಮುಗಸೂಣು. ಆಗೂದು ಆಗಿಹೋಗ್ಯಾದ" ಅಂದರು. ಖಾಲಾ ಒಬ್ಬೊಬ್ಬರ ಮುಖ ನೋಡಿದರು. ಕೊನೆಗೆ ನನ್ನ ಕೈಯ ಹಸಿರು ಬಳೆಗಳನ್ನು ನೋಡಿದರು. ಮೈದುನ ಎಲ್ಲ ಹೇಳಿದ. ಕೇಳಿದ ಮೇಲೆ ಅವರು ಬಿಲ್ಲೆಯನ್ನು ನೆಲದ ಮೇಲೆ ಇಡಲಿಲ್ಲ, ಎರಡೂ ಕೈಯಲ್ಲಿ ಮುಚ್ಚಿ ಹಿಡಿದುಕೊಂಡರು.

"ಸಾವ್ಕಾರ್ರ, ಮೊದಲ ಹೇಳಿದ್ರ ನಾ ಸುಳ್ಳ ಹೇಳ್ತಿದ್ದಿಲ್ಲ. ಆದ್ರ ಇಷ್ಟು ಖುಷೀಲೇ ಖರೇ ಹೇಳ್ತಿದ್ದಿಲ್ಲ."

ಮಾವ ತಲೆ ತಗ್ಗಿಸಿದರು. ಖಾಲಾ ಮುಂದುವರಿಸಿದರು. ಕಬ್ಬಿಣ ತನ್ನ ಸಂಗತಿಯನ್ನಷ್ಟೇ ಹೇಳುತ್ತದೆ. ಬಿಲ್ಲೆ ನಿಜ, ಕತ್ತಿಯ ಸುದ್ದಿ ನಿಜ. ಅದನ್ನು ಕಿಸೆಯಲ್ಲಿ ಇಟ್ಟುಕೊಂಡವನು ಯಾರು, ಅವನು ಉಳಿದನೋ ಹೋದನೋ, ಅದು ಸಿಪಾಯಿಯ ಬಾಯಿಯ ಮಾತು. "ನನ್ನ ಮಾತಿನ ಮ್ಯಾಲ ಈ ಹುಡುಗಿ ಬಳಿ ಒಡೀಬ್ಯಾಡ್ರಿ. ನಾ ಅಷ್ಟು ಓದಿಲ್ಲ" ಅಂದರು.

ಆಗ ನನ್ನ ಬಾಯಿಂದ ಆ ಪ್ರಶ್ನೆ ಬಂತು. ನನ್ನ ಗಂಡನಿಗೆ ಏನು ಸಿಕ್ಕರೂ ಹೆಬ್ಬೆರಳಿನಿಂದ ಉಜ್ಜುವ ಚಾಳಿ ಇತ್ತು, ಅದು ಸಿಪಾಯಿಗೂ ಗೊತ್ತಿತ್ತು. ಕುಡಗೋಲಿನಲ್ಲಿ ನನ್ನ ಎಡಗೈ ಕಂಡವರಿಗೆ ಇದರಲ್ಲಿ ಅವರ ಹೆಬ್ಬೆರಳು ಕಾಣದೇ? ಖಾಲಾ ಮುಚ್ಚಿದ್ದ ಕೈ ತೆರೆದು ಬಿಲ್ಲೆಯ ಮೇಲೆ ಉಗುರು ಎಳೆದರು. ಹೇಳಲು ಮನಸ್ಸಿರಲಿಲ್ಲ, ಕೇಳಿದವಳು ನಾನು.

"ಕೈಯ ಬೆವರು ಒಳಗ ಇಳಿಯೂದಿಲ್ಲ ಮಗಳ. ಇದ್ದಿದ್ರ... ಮ್ಯಾಲ ಇತ್ತು."

ಮೇಲಿದ್ದದ್ದು ಹಿತ್ತಲ ಮೋರಿಯಲ್ಲಿ ಹರಿದುಹೋಗಿತ್ತು. ಮುತ್ತಜ್ಜನ ಗುರುತು ಉಳಿದಿತ್ತು, ಕಮ್ಮಾರನ ಗುರುತು ಉಳಿದಿತ್ತು, ನನ್ನ ಗಂಡನದೊಂದನ್ನು ನಾನೇ ನನ್ನ ಕೈಯಾರೆ ಮಡಿಯಿಂದ ತೊಳೆದಿದ್ದೆ. ಆಗ ಅತ್ತೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಅಯ್ಯನವರಿಗೆ ಹೇಳಿಕಳಿಸಲಿಲ್ಲ. ಮಾವ "ಇರ್ಲಿ ಬಿಡ್ರಿ" ಅಂದರು. ಆ ಒಂದು ಮಾತಿನ ಮೇಲೆ ನನ್ನ ಬಳೆ ಉಳಿದವು. ಹೋಗುವಾಗ ಖಾಲಾ ಸೊಂಟದಿಂದ ಒಂದು ಮೆತ್ತನೆಯ ಚಿಂದಿ ತೆಗೆದು ನನಗೆ ಕೊಟ್ಟರು. ಎಣ್ಣೆ ಬೇಡ, ಹುಳಿ ಬೇಡ, ನೀರಂತೂ ಬೇಡವೇ ಬೇಡ. ಒಣ ಕೈಯಲ್ಲಿ ದಿನಾ ಸ್ವಲ್ಪ ಉಜ್ಜು, ಬಣ್ಣ ತಾನೇ ಬರುತ್ತದೆ ಎಂದರು. ಎಷ್ಟು ದಿನ ಬೇಕು ಎಂದು ಕೇಳಿದೆ. "ದಿನದ ಮಾತಲ್ಲವಾ. ಜಲ್ಮ ಬೇಕು" ಅಂದರು.

ಅಲ್ಲಿಂದ ಪ್ರತಿ ಸಂತೆಗೂ ಬಿಲ್ಲೆಯನ್ನು ಉಡಿಯಲ್ಲಿ ಇಟ್ಟುಕೊಂಡು ಬೇವಿನ ಬುಡಕ್ಕೆ ಹೋಗುತ್ತಿದ್ದೆ. ಅವರು ನೋಡುತ್ತಿದ್ದರು, ನಾಲಿಗೆ ತಾಗಿಸುತ್ತಿದ್ದರು, ಮರಳಿ ಕೊಡುತ್ತಿದ್ದರು. ಆ ವರ್ಷ ದಿನದಿಂದ ದಿನಕ್ಕೆ ಕಾಲ ಕೆಡುತ್ತಿತ್ತು. ಜನ ಅಟ್ಟದ ಮೇಲಿನ ಹಳೆಯ ತಲವಾರುಗಳನ್ನು ಇಳಿಸಿ ಸಾಣೆಗೆ ತರುತ್ತಿದ್ದರು, ಅವರ ಜಾತಿಯವರೂ ತಂದರು, ನಮ್ಮವರೂ ತಂದರು. ಖಾಲಾ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದರು, ಪಟ್ಟಾ ಹರಿದಿದೆ ಎಂದು. ಕುಡಗೋಲು ತಂದವರಿಗೆ ಮಾತ್ರ ಪಟ್ಟಾ ಹರಿದಿರುತ್ತಿರಲಿಲ್ಲ. ಒಬ್ಬ ದೊಡ್ಡ ಮನುಷ್ಯ ತಲವಾರು ಹಿಡಿದುಕೊಂಡು ನಿಂತೇ ಇದ್ದ, ಇವರು ಅವನೆದುರಿಗೇ ನಾಲ್ಕು ಕುಡಗೋಲು ಹಿಡಿದು ಕಳಿಸಿದರು. ಹೆದರಿಕೆ ಇಲ್ಲವೇ ಎಂದು ನಾನು ಕೇಳಿದ್ದಕ್ಕೆ, ತಲವಾರಿನ ಕೆಲಸ ಕಲಿತವರಿಗೆ ಅದನ್ನು ಯಾವಾಗ ಮಾಡಬಾರದು ಎಂಬುದೂ ಗೊತ್ತಿರಬೇಕು ಎಂದರು. ಆ ಸಂತೆಯಲ್ಲೇ ಬಿಲ್ಲೆಯನ್ನು ಬೆಳಕಿಗೆ ಹಿಡಿದು "ಹತ್ಯಾದ" ಅಂದರು, ಬಣ್ಣ ಹತ್ತಿದೆ ಎಂದು. ನನಗೆ ಕಾಣಲಿಲ್ಲ. ಅವರಿಗೆ ಕಂಡಿತ್ತಲ್ಲ, ಸಾಕಾಗಿತ್ತು.

ಮರುವರ್ಷದ ಭಾದ್ರಪದದಲ್ಲಿ ಹಿಂದೂಸ್ಥಾನದ ದಂಡು ಬಂತು, ನಿಜಾಮರ ಆಳಿಕೆ ಮುಗಿಯಿತು. ನಮ್ಮ ಓಣಿಯಲ್ಲಿ ಸಕ್ಕರೆ ಹಂಚಿದರು. ಅವರ ಓಣಿಯಲ್ಲಿ... ಆ ದಿನಗಳಲ್ಲಿ ಮಾವ ನಮ್ಮನ್ನು ಹೊರಗೆ ಬಿಡಲಿಲ್ಲ. ಮತ್ತೆ ಸಂತೆ ಕೂಡಿದಾಗ ಬೇವಿನ ಬುಡ ಬರಿದಾಗಿತ್ತು. ಮನೆಯ ಬಾಗಿಲು ತೆರೆದಿತ್ತಂತೆ, ಒಳಗೆ ಯಾರೂ ಇರಲಿಲ್ಲವಂತೆ. ಸೊಸೆಯನ್ನು ಕರೆದುಕೊಂಡು ಕಲಬುರ್ಗಿ ಕಡೆ ಹೋದರೆಂದು ಕೆಲವರು, ಭೀಮೆ ದಾಟಿದರೆಂದು ಕೆಲವರು ಹೇಳಿದರು. ನಾನು ಹೋಗಿ ಕೇಳಲಿಲ್ಲ. ಹತ್ತು ಮನೆಯ ದೂರ, ಹೋಗಬಹುದಿತ್ತು. ಹೆದರಿದೆ. ನನ್ನ ಬಳೆ ಉಳಿಸಿದವರ ಕೈ ಏನಾಯಿತು ಎಂದು ನೋಡಲು ನಾನು ಹತ್ತು ಮನೆ ದಾಟಲಿಲ್ಲ.

ನನ್ನ ಗಂಡ ಬರಲಿಲ್ಲ. ಸಿಪಾಯಿ ಸುಳ್ಳು ಹೇಳಿರಲಿಲ್ಲ ಎಂದು ಈಗ ನನಗೆ ಗೊತ್ತು, ವರ್ಷಗಳೇ ಹೇಳಿವೆ. ಆದರೂ ಬಳೆ ಒಡೆದಾಗಲೆಲ್ಲ ಹೊಸದು ಇಡಿಸಿಕೊಂಡೆ. ಮೊದಮೊದಲು ಜನ ಆಡಿಕೊಂಡರು, ಆಮೇಲೆ ಆಡಿಕೊಳ್ಳುವವರೂ ತೀರಿಹೋದರು. ಕೆಲವು ವರ್ಷಗಳ ಹಿಂದೆ ಮೈದುನನ ಮಗ ಹೈದರಾಬಾದಿಗೆ ಕರೆದೊಯ್ದಾಗ ಹಳೆಯ ಆಯುಧಗಳನ್ನು ಬಲ್ಲ ಒಬ್ಬರಿಗೆ ಬಿಲ್ಲೆ ತೋರಿಸಿದೆವು. ಜಪಾನಿನಲ್ಲಿ ಇದಕ್ಕೆ ತ್ಸುಬಾ ಎನ್ನುತ್ತಾರಂತೆ, ಕತ್ತಿ ಹಿಡಿದ ಕೈ ಜಾರದಂತೆ ಅಡ್ಡ ಕೂಡಿಸುವುದು. ಅವರು ಭೂತಗನ್ನಡಿ ಹಿಡಿದು, ಪುಸ್ತಕ ತೆರೆದು, ಒಂದು ತಾಸು ನೋಡಿ ಹೇಳಿದ್ದೆಲ್ಲ ಖಾಲಾ ನಮ್ಮ ಪಡಸಾಲೆಯಲ್ಲಿ ಹೇಳಿದ್ದೇ. ಮೂರು ಕತ್ತಿ, ಕೊನೆಯ ತಾಮ್ರ ಹೊಸದು, ಕೆಲಸ ನೂರೈವತ್ತು ವರ್ಷಕ್ಕೂ ಹಳೆಯದು. "ಯಾವಾಗಲೋ ಯಾರೋ ತಿಳಿಯದೆ ತೊಳೆದಿದ್ದಾರೆ, ಆದರೆ ಬಣ್ಣ ಬಹಳ ಚೆನ್ನಾಗಿ ಮರಳಿ ಬಂದಿದೆ" ಎಂದರು. ಯಾರು ತೊಳೆದರು, ಯಾರು ತಂದರು ಎಂಬುದು ಅವರಿಗೆ ಕಾಣಲಿಲ್ಲ. ನಾನೂ ಹೇಳಲಿಲ್ಲ.

ಇದನ್ನು ಬರೆಯುವಾಗಲೂ ಬಿಲ್ಲೆ ತೊಡೆಯ ಮೇಲಿದೆ. ಕಪ್ಪಗಿದೆ, ನೇರಳೆ ಹಣ್ಣಿನ ಕಪ್ಪು. ಬಲಗೈ ಬರೆಯುತ್ತಿದೆ, ಎಡಗೈಯ ಹೆಬ್ಬೆರಳು ತಾನೇ ಉಜ್ಜುತ್ತಿದೆ. ಯಾವತ್ತಿನಿಂದ ಈ ಚಾಳಿ ನನಗೆ ಬಂತೋ ಗೊತ್ತಿಲ್ಲ. ಗಂಡನ ಕೈಯನ್ನು ತೊಳೆದ ಜಾಗದಲ್ಲಿ ಈಗ ನನ್ನ ಕೈ ಕೂತಿದೆ. ಅದನ್ನು ಓದಬಲ್ಲ ಒಬ್ಬರಿದ್ದರು. ಅವರು ಇದ್ದಿದ್ದರೆ ಇದನ್ನು ಎತ್ತಿಕೊಂಡು, ಬಿಸಿಲಿಗೆ ಹಿಡಿದು, ಹವಾಮಾನದ ಮಾತಾಡಿದ ಹಾಗೆ ಹೇಳುತ್ತಿದ್ದರು, ಎಡಚಿ ಒಬ್ಬಾಕಿ ಬಹಳ ವರ್ಷ ಕಾದಾಳ್ರಿ ಎಂದು.